ಚುಕ್ಕಾಣಿಗೆ ತೈಲಬಲ

ನಿಂತಿರುವ ಲಾರಿಯ ಚುಕ್ಕಾಣಿಯನ್ನು ತಿರುಗಿಸುವುದು ಎಷ್ಟು ಕಷ್ಟವೆಂಬುದನ್ನು ಹಿಂದಿನ ಕಾಲದ ಚಾಲಕರ ತೋಳುಗಳು ಚೆನ್ನಾಗಿ ಬಲ್ಲವು. ಈ ಶ್ರಮವನ್ನು ತಗ್ಗಿಸಲು ತೈಲದ ಒತ್ತಡವನ್ನು ಬಳಸುವ ಯಂತ್ರವೊಂದನ್ನು ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಅವರು 1920ರ ದಶಕದಲ್ಲಿ ರಚಿಸಿದರು. 1951ರಲ್ಲಿ ಕ್ರೈಸ್ಲರ್ ಕಂಪನಿಯು ತನ್ನ ಇಂಪೀರಿಯಲ್ ಕಾರಿನಲ್ಲಿ ಇಂತಹ ಏರ್ಪಾಡನ್ನು ಮಾರುಕಟ್ಟೆಗೆ ತಂದಿತು. ಇಂದಿನ ಹೊಸ ಕಾರುಗಳಲ್ಲಿ ಹೆಚ್ಚಾಗಿ ವಿದ್ಯುತ್ ಮೋಟಾರು ಈ ಕೆಲಸವನ್ನು ಮಾಡುತ್ತದೆಯಾದರೂ, ಹಳೆಯ ಕಾರುಗಳಲ್ಲಿಯೂ ಅನೇಕ ಭಾರಿ ವಾಹನಗಳಲ್ಲಿಯೂ ತೈಲದ ಪಂಪೇ ದುಡಿಯುತ್ತಿದೆ.

ಈ ಪಂಪಿನ ಒಳಗೇನಿದೆ? ಅಂಡಾಕಾರದ ಕೋಣೆಯೊಂದರಲ್ಲಿ ಸೀಳುಗಳುಳ್ಳ ಗುಂಡು ಬಿಲ್ಲೆಯೊಂದು ತಿರುಗುತ್ತದೆ. ಪ್ರತಿ ಸೀಳಿನಲ್ಲಿಯೂ ಜಾರುವ ಉಕ್ಕಿನ ಅಲಗೊಂದಿದೆ. ಎಂಜಿನಿನಿಂದ ಬೆಲ್ಟಿನ ಮೂಲಕ ಬಂದ ಶಕ್ತಿಯಿಂದ ಬಿಲ್ಲೆ ತಿರುಗಿದಾಗ ಅಲಗುಗಳು ಹೊರಚಾಚಿ, ತೈಲವನ್ನು ಒಂದು ಕಡೆ ಹೀರಿ ಇನ್ನೊಂದು ಕಡೆ ನೂಕುತ್ತವೆ. ಚಾಲಕನು ಚುಕ್ಕಾಣಿಯನ್ನು ತಿರುಗಿಸಿದೊಡನೆ ಕವಾಟವೊಂದು ತೆರೆದು, ಆ ತೈಲವನ್ನು ಕೊಂತದ ತಕ್ಕ ಬದಿಗೆ ಬಿಡುತ್ತದೆ. ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಂ ಒತ್ತಡವು 10 ಚದರ ಸೆಂಟಿಮೀಟರ್ ವಿಸ್ತಾರದ ಕೊಂತದ ಮೇಲೆ ಬಿದ್ದರೆ, ದೊರೆಯುವ ಬಲ 700 ಕಿಲೋಗ್ರಾಂ! ಪಾಠಶಾಲೆಯಲ್ಲಿ ನಾವು ಓದಿದ ಪಾಸ್ಕಲನ ನಿಯಮವೇ ಇಲ್ಲಿ ಕೆಲಸ ಮಾಡುತ್ತಿದೆ.

ಆದರೆ ತೈಲದೊಡನೆ ಗಾಳಿ ಸೇರಿತೆಂದರೆ ಕೆಲಸ ಕೆಟ್ಟಿತು. ದ್ರವವು ಕುಗ್ಗುವುದು ಅತ್ಯಲ್ಪ; ಗಾಳಿಯೋ ಸುಲಭವಾಗಿ ಕುಗ್ಗುತ್ತದೆ. ಗುಳ್ಳೆಗಳಿರುವ ತೈಲವು ನೊರೆಯಾಗುತ್ತದೆ, ಪಂಪು ನರಳುತ್ತದೆ, ಚುಕ್ಕಾಣಿ ತಡೆತಡೆದು ತಿರುಗುತ್ತದೆ. ಅಲಗುಗಳಿಗೆ ಜಾರುವಿಕೆಯನ್ನೀಯುವುದೂ ಆ ತೈಲವೇ ಆದುದರಿಂದ, ಹೊಸ ಪಂಪು ಕೂಡ ಬಹು ಬೇಗ ಸವೆದು ಹಾಳಾಗುತ್ತದೆ.

ಆದುದರಿಂದ ಪಂಪನ್ನು ಬೋಲ್ಟುಗಳಿಂದ ಬಿಗಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲು ಹಳೆಯ ಪಂಪು ಬಿಟ್ಟುಹೋದ ಲೋಹದ ಪುಡಿಯನ್ನು ಕೊಳವೆಗಳಿಂದ ತೊಳೆದು ತೆಗೆಯಬೇಕು. ರಾಟೆಯನ್ನು ಅದಕ್ಕೆಂದೇ ಇರುವ ಉಪಕರಣದಿಂದ ಒತ್ತಿ ಕೂರಿಸಬೇಕು. ಸುತ್ತಿಗೆಯ ಪೆಟ್ಟು ಒಳಗಿನ ಭಾಗಗಳನ್ನು ಕೆಡಿಸೀತು. ಬೆಲ್ಟು ಓರೆಯಾಗದಂತೆ, ತಕ್ಕಷ್ಟು ಬಿಗಿಯಾಗಿರುವಂತೆ ನೋಡಿಕೊಳ್ಳಬೇಕು.

ಅನಂತರ ತಯಾರಕರು ಹೇಳಿದ ತೈಲವನ್ನೇ ತುಂಬಿ, ಮುಂದಿನ ಗಾಲಿಗಳನ್ನು ನೆಲದಿಂದೆತ್ತಿ, ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಎಂಜಿನನ್ನು ನಡೆಸದೆಯೇ ಚುಕ್ಕಾಣಿಯನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ ಹಲವು ಸಲ ತಿರುಗಿಸಿದರೆ, ಗಾಳಿಯು ಗುಳ್ಳೆಗಳಾಗಿ ತೈಲದ ತೊಟ್ಟಿಗೆ ಬಂದು ಹೊರಬೀಳುತ್ತದೆ. ತೈಲ ಇಳಿದಂತೆಲ್ಲ ಮತ್ತೆ ತುಂಬುತ್ತಿರಬೇಕು. ಗುಳ್ಳೆ ನಿಂತ ಮೇಲೆಯೇ ಎಂಜಿನನ್ನು ಹೊರಡಿಸುವುದು. ಆಗಲೂ ಚುಕ್ಕಾಣಿಯನ್ನು ಕೊನೆಯಲ್ಲಿ ಬಹಳ ಹೊತ್ತು ಒತ್ತಿ ಹಿಡಿಯಬಾರದು; ಮುಂದೆ ಹರಿಯಲಾರದ ತೈಲವು ಪಂಪಿನಲ್ಲಿಯೇ ಸುತ್ತಿ ಕಾಯುತ್ತದೆ.

ಅವಸರದ ಕೆಲಸಗಾರನಿಗೆ ಈ ಅರ್ಧ ಗಂಟೆಯ ತಾಳ್ಮೆ ವ್ಯರ್ಥವೆಂದು ತೋರಬಹುದು. ಆದರೆ ಪಾಸ್ಕಲನ ನಿಯಮವನ್ನು ಬಲ್ಲ ವಿದ್ಯಾರ್ಥಿಗೆ, ಗಾಳಿಯನ್ನು ಕಳೆಯದೆ ಒತ್ತಡವನ್ನು ನಂಬಲಾಗದೆಂಬುದು ಹೇಳದೆಯೇ ತಿಳಿದೀತು.