ಹಾಸು-ಹೊದಿಕೆಯ ಬಟ್ಟೆಗಳನ್ನು ಪರೀಕ್ಷಿಸಿ ಕೊಳ್ಳುವ ಬಗೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಸೀಮೆಯ ಕರಿಯ ಭೂಮಿಗೆ ಹತ್ತಿಯು ಹೊಸ ಬೆಳೆಯಲ್ಲ. ರಬಕವಿ-ಬನಹಟ್ಟಿಗಳ ಮಗ್ಗದ ಸಪ್ಪಳವೂ ಇಲ್ಲಿಯ ಜನರಿಗೆ ಹೊಸದಲ್ಲ. ಆದರೂ ಮದುವೆಗಾಗಲಿ ಊರಿನ ವಸತಿನಿಲಯಕ್ಕಾಗಲಿ ಹಾಸು-ಹೊದಿಕೆಗಳನ್ನು ಕೊಳ್ಳುವ ಕಾಲಕ್ಕೆ ಬಣ್ಣ ಹೊಳಪುಗಳನ್ನು ಮಾತ್ರ ನೋಡಿ ಹಣ ತೆರುವವರು ಬಹು ಮಂದಿ. ಹೀಗೆ ಕೊಂಡ ಬಟ್ಟೆಯು ನಾಲ್ಕು ಒಗೆತಗಳಲ್ಲಿ ಬಲೆಯಂತಾದರೆ ಕೊಂಡವನ ಹಣವೂ ಹೋಗುವುದು, ಒಳ್ಳೆಯ ಮಾಲು ನೇಯ್ದವನ ಕೂಲಿಗೂ ಕುಂದು ಬರುವುದು. ಆದುದರಿಂದ ಅರಳೆ, ನೂಲು, ನೇಯ್ಗೆ ಈ ಮೂರರ ಗುಣವನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿತಿರತಕ್ಕದ್ದು.

ಅರಳೆಯ ಭೇದ.— ಸಾಗುವಳಿಯಲ್ಲಿರುವ ಹತ್ತಿಯ ಜಾತಿಗಳು ನಾಲ್ಕು. ಎರಡು ಏಷ್ಯಾ-ಆಫ್ರಿಕಾ ಖಂಡಗಳ ಹಳೆಯ ಜಾತಿಗಳು. ಎರಡು ಅಮೆರಿಕೆಯ ಮೂಲದವು. ಜವಾರಿ ಹತ್ತಿಯು ಮೊದಲನೆಯ ವರ್ಗಕ್ಕೆ ಸೇರಿದುದು. ಅದರ ಎಳೆಯು ಸಾಮಾನ್ಯವಾಗಿ ಗಿಡ್ಡವೂ ಒರಟೂ ಆಗಿರುವುದರಿಂದ ಗಾದಿ-ದಿಂಬುಗಳಲ್ಲಿ ತುಂಬುವುದಕ್ಕೂ ಜಮಖಾನೆಯ ದಪ್ಪ ನೂಲಿಗೂ ಒಪ್ಪುವುದು. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಎಂಬ ಸಂಕರ ತಳಿಯು ಅಮೆರಿಕೆಯ ಎರಡು ಜಾತಿಗಳ ಕೂಡಿಕೆಯಿಂದ ಹುಟ್ಟಿದುದು. ಅದರ ಎಳೆಯು ನೀಳವಾದುದು. ಎಳೆಯು ನೀಳವಾದಷ್ಟೂ ನೂಲು ಸಣ್ಣಗೂ ಗಟ್ಟಿಯಾಗಿಯೂ ಬರುವುದು. ಗಿಡ್ಡ ಎಳೆಯ ತುದಿಗಳು ಹೊರಚಾಚಿ, ಬಟ್ಟೆಯ ಮೇಲೆ ಬೇಗನೆ ಗುಂಜು ಏಳುವುದು.

ನೂಲಿನ ನಂಬರು.— 840 ಗಜದ ಲಡಿಗಳು ಒಂದು ಪೌಂಡು ತೂಕಕ್ಕೆ ಎಷ್ಟು ಬರುವವೋ ಅದೇ ನೂಲಿನ ನಂಬರು. 20ನೇ ನಂಬರಿನ ಒಂದು ಪೌಂಡು ನೂಲು 16,800 ಗಜ ಉದ್ದವಾದರೆ 40ನೇ ನಂಬರಿನದು 33,600 ಗಜ. ನಂಬರು ಹೆಚ್ಚಿದಂತೆ ನೂಲು ಸಣ್ಣದಾಗುವುದು; ಬಟ್ಟೆಯು ಮೃದುವಾಗುವುದು.

ನೇಯ್ಗೆಯ ಬಗೆ.— ಹಾಸಿನ ಎಳೆಯ ಮೇಲೊಮ್ಮೆ ಕೆಳಗೊಮ್ಮೆ ಹೊಕ್ಕಿನ ಎಳೆಯು ಹಾಯುವುದು ಸಾದಾ ನೇಯ್ಗೆ. ಇದು ತಂಪು, ಬಾಳಿಕೆಯುಳ್ಳದ್ದು. ಮಕ್ಕಳಿರುವ ಮನೆಗೂ ವಸತಿನಿಲಯಕ್ಕೂ ಇದೇ ಲೇಸು. ಟ್ವಿಲ್ ನೇಯ್ಗೆಯಲ್ಲಿ ಓರೆಯಾದ ಗೆರೆಗಳು ಕಾಣುವವು. ಬಟ್ಟೆಯು ದಟ್ಟವಾಗಿದ್ದು ಚಳಿಗಾಲಕ್ಕೆ ಹಿತವಾಗಿರುವುದು. ಸ್ಯಾಟಿನ್ ನೇಯ್ಗೆಯಲ್ಲಿ ಒಂದು ಎಳೆಯು ಹಲವು ಎಳೆಗಳ ಮೇಲೆ ತೇಲಿ ಹೋಗುವುದರಿಂದ ನುಣುಪೂ ಹೊಳಪೂ ಉಂಟು. ಆದರೆ ಬಳೆ, ಕಾಲುಂಗುರಗಳಿಗೆ ಎಳೆಯು ಬೇಗ ಸಿಕ್ಕಿ ಕಿತ್ತುಬರುವುದು.

ಎಳೆಗಳ ಎಣಿಕೆ.— ಒಂದು ಚದರಂಗುಲದಲ್ಲಿರುವ ಹಾಸು ಮತ್ತು ಹೊಕ್ಕಿನ ಎಳೆಗಳ ಮೊತ್ತವೇ ಈ ಎಣಿಕೆ. ಹಾಸು 100, ಹೊಕ್ಕು 80 ಇದ್ದರೆ 180 ಆಗುವುದು. ಕೆಲವು ವರ್ತಕರು ಎರಡೆಳೆ ಹುರಿಮಾಡಿದ ನೂಲನ್ನು ಎರಡೆಂದು ಲೆಕ್ಕಹಿಡಿದು, 200ರ ಬಟ್ಟೆಯನ್ನು 400ರದೆಂದು ಮಾರುವರು. ಇಂತಹ ದೊಡ್ಡ ಅಂಕಿಗೆ ಮರುಳಾಗಕೂಡದು.

ಪರೀಕ್ಷೆಗಳು.— ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸಂದುಗಳು ಎಲ್ಲೆಡೆ ಸಮನಾಗಿರಬೇಕು. ಎರಡು ಕೈಗಳಿಂದ ಉಜ್ಜಿದರೆ ಹಿಟ್ಟು ಉದುರುವ ಬಟ್ಟೆಗೆ ಗಂಜಿಯೇ ಹೆಚ್ಚು, ನೂಲು ಕಡಿಮೆ. ಅಂಚಿನಿಂದ ಒಂದೆಳೆಯನ್ನು ತೆಗೆದು ಸುಟ್ಟರೆ ಹತ್ತಿಯು ಕಾಗದದಂತೆ ನಾತ ಬೀರಿ ಮೆತ್ತನೆಯ ಬೂದಿಯಾಗುವುದು. ಪಾಲಿಯೆಸ್ಟರು ಕರಗಿ ಗಟ್ಟಿ ಗುಂಡಾಗುವುದು. ಪಾಲಿಯೆಸ್ಟರು ಬೆವರನ್ನು ಹೀರದುದರಿಂದ ಬೇಸಗೆಯಲ್ಲಿ ನಿದ್ರೆಗೆ ಅನುಕೂಲವಲ್ಲ. ಬಿಳಿಯ ಒದ್ದೆ ಬಟ್ಟೆಯಿಂದ ತಿಕ್ಕಿದಾಗ ಬಣ್ಣ ಹತ್ತಬಾರದು. ಹತ್ತಿಯ ಬಟ್ಟೆಯು ಮೊದಲ ಒಗೆತಕ್ಕೆ ಕುಗ್ಗುವುದು ಸಹಜ. ಮಂಚದ ಅಳತೆಗಿಂತ ಕೆಲವು ಅಂಗುಲ ಹೆಚ್ಚಿರುವುದನ್ನೇ ಆರಿಸತಕ್ಕದ್ದು.

ಕೈಮಗ್ಗದ ಮಾಲು.— ಕೈಮಗ್ಗಕ್ಕೆ ಮೀಸಲಾದ ಪದಾರ್ಥಗಳ 1985ರ ಕಾಯಿದೆಯ ಮೇರೆಗೆ ಹೊರಟ ಪಟ್ಟಿಯಲ್ಲಿ ಹಾಸಿಗೆಯ ಬಟ್ಟೆ, ಜಮಖಾನೆಗಳೂ ಸೇರಿವೆ. 2006ರಲ್ಲಿ ಭಾರತ ಸರಕಾರವು ಕೈಮಗ್ಗದ ಗುರುತನ್ನು ಜಾರಿಗೆ ತಂದಿತು. ಯಂತ್ರಮಗ್ಗದ ಮಾಲೂ ಕೀಳಲ್ಲ. ಆದರೆ ಅದನ್ನು ಕೈಮಗ್ಗದ ಬೆಲೆಗೆ ಕೊಳ್ಳುವುದು ನಷ್ಟ. ಆದುದರಿಂದ ಕೈಮಗ್ಗದ್ದೆಂದು ಹೇಳಿದಲ್ಲಿ ಗುರುತನ್ನು ನೋಡಿಯೇ ಬೆಲೆ ಕೊಡುವುದು ಯೋಗ್ಯ.

ಗ್ರಾಮಮುಖಂಡರು ಹತ್ತಾರು ಹಾಸುಗಳನ್ನು ಒಮ್ಮೆಲೇ ಕೊಳ್ಳುವ ಮೊದಲು ಒಂದನ್ನು ತಂದು ಅಳೆದು, ಒಗೆದು, ಒಣಗಿಸಿ ಮತ್ತೆ ಅಳೆಯಬೇಕು. ನೂಲಿನ ನಂಬರನ್ನೂ ಎಳೆಗಳ ಎಣಿಕೆಯನ್ನೂ ಪಾವತಿಯಲ್ಲಿ ಬರೆಯಿಸಬೇಕು. ಬರೆದುಕೊಡಲು ಹಿಂಜರಿಯುವ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ನಡೆಯುವುದೇ ಲೇಸು.