ವಿಜ್ಞಾನ ಕಷ್ಟವೋ, ಅದರ ಮಾತು ಕಷ್ಟವೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ರಕ್ಷಕರು ನಮ್ಮಲ್ಲಿ ಕೇಳುವ ಮಾತು ಒಂದೇ: “ಉಳಿದದ್ದಕ್ಕೆ ಅಡ್ಡಿಯಿಲ್ಲ ಮಾಷ್ಟ್ರೇ, ವಿಜ್ಞಾನ ಮಾತ್ರ ಯಾಕೆ ಹೀಗೆ?” ಹುಡುಗ ದಡ್ಡನೆಂದು ತೀರ್ಮಾನಿಸುವ ಮೊದಲು ಅವನು ದಾಟಬೇಕಾದ ತೋಡುಗಳೆಷ್ಟು ಎಂದು ನಾವು ಎಣಿಸಿ ನೋಡುವುದು ಒಳ್ಳೆಯದು.

ಮೊದಲನೆಯದು ನಿತ್ಯದ ಮಾತಿನದು. ಮನೆಯಲ್ಲಿ ಬಲವೂ ಶಕ್ತಿಯೂ ಒಂದೇ. ಪಾಠದಲ್ಲಿ ಬೇರೆ ಬೇರೆ. ಅಕ್ಕಿಮುಡಿಯನ್ನು ತಲೆಯ ಮೇಲಿಟ್ಟು ಒಂದು ಗಂಟೆ ನಿಂತವನು ಬೆವರಿಳಿಸಿದರೂ, ಮುಡಿ ಕದಲದ ಕಾರಣ ಅದರ ಮೇಲೆ ಕೆಲಸವೇ ನಡೆದಿಲ್ಲವೆನ್ನುತ್ತದೆ ಭೌತಶಾಸ್ತ್ರ. ಇದನ್ನು ಬಿಡಿಸಿ ಹೇಳದಿದ್ದರೆ ಮಗು ಅರ್ಥವನ್ನು ಬಿಟ್ಟು ವಾಕ್ಯವನ್ನು ಬಾಯಿಪಾಠ ಮಾಡುತ್ತದೆ.

ಎರಡನೆಯದು ಗಡಿನಾಡಿನ ತೋಡು. ಮನೆಮಾತು ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ. ಪೇಟೆಯ ಮಾತು ಮಲಯಾಳ. ಪುಸ್ತಕದ್ದು ಸಂಸ್ಕೃತ ತುಂಬಿದ ಕನ್ನಡ. ಹತ್ತರವರೆಗೆ ‘ವೇಗೋತ್ಕರ್ಷ’ವಾಗಿದ್ದುದು ಪ್ಲಸ್ ವನ್ ಸೇರಿದೊಡನೆ ‘ಆಕ್ಸಲರೇಶನ್’ ಆಗುತ್ತದೆ. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದರಂತೂ ಹೇಳುವುದೇ ಬೇಡ. ಮಲಯಾಳದ ಭೌತಶಾಸ್ತ್ರದಲ್ಲಿ ‘ಪ್ರವೃತ್ತಿ’ ಎಂದರೆ ಕೆಲಸ. ನಮ್ಮ ಮಕ್ಕಳಿಗೆ ಅದು ಮನಸ್ಸಿನ ಒಲವು! 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಹೈಸ್ಕೂಲಿನ ವಿಷಯದಲ್ಲಿ ನಾವೇ ಎಚ್ಚರವಿರಬೇಕು.

ಮೂರನೆಯದು, ಕಂಡದ್ದಕ್ಕೂ ಓದಿದ್ದಕ್ಕೂ ನಂಟಿಲ್ಲದಿರುವುದು. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವುದನ್ನು ಕಾಣದ ಮಕ್ಕಳು ನಮ್ಮಲ್ಲಿ ಕಡಿಮೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇದೇ ಶೇಕಡಾ 1ರ ಬೋರ್ಡೋ ದ್ರಾವಣ. ಹದ ನೋಡಲು ಅಪ್ಪ ಕಬ್ಬಿಣದ ಚೂರಿಯನ್ನು ಅದ್ದುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಾರೆ. ಆ ಕೆಂಪು ಬಣ್ಣ ತಾಮ್ರದ್ದು. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದುದರಿಂದ ದ್ರಾವಣದೊಳಗಿನ ತಾಮ್ರವನ್ನು ಹೊರದೂಡಿ ಅದರ ಜಾಗಕ್ಕೆ ತಾನು ಸೇರುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವು ಮೊದಲೇ ಗಸಿಯಾಗಿರುವುದರಿಂದ ಚೂರಿಗೆ ಏನೂ ಹಿಡಿಯದು. ರಸಾಯನಶಾಸ್ತ್ರದ ಒಂದು ಪಾಠವೇ ಅಂಗಳದಲ್ಲಿ ನಡೆದರೂ ಅದು ಪರೀಕ್ಷೆಗೆ ಬರುವ ಪಾಠವೆಂದು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಆದುದರಿಂದ ರಕ್ಷಕರಲ್ಲಿ ನಮ್ಮ ವಿನಂತಿ ಮೂರು. ಅಂದಿನ ಪಾಠವನ್ನು ರಾತ್ರಿ ಮನೆಮಾತಿನಲ್ಲಿ ಹೇಳಿಸಿರಿ. ಹೇಳಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಕನ್ನಡ, ಮಲಯಾಳ, ಇಂಗ್ಲಿಷ್ ಪದಗಳನ್ನು ಸಾಲಾಗಿ ಬರೆದಿಡಲು ಎಂಟನೆಯ ತರಗತಿಯಿಂದಲೇ ಒಂದು ನೋಟ್ ಪುಸ್ತಕ ತೆಗೆದುಕೊಡಿರಿ. ರಕ್ಷಕ ಶಿಕ್ಷಕ ಸಂಘದ ಸಭೆಗೆ ತಪ್ಪದೆ ಬಂದು, ಕನ್ನಡ ಬಲ್ಲ ವಿಜ್ಞಾನ ಅಧ್ಯಾಪಕರೇ ಬೇಕೆಂದು ಬರವಣಿಗೆಯಲ್ಲಿ ಕೇಳಿರಿ.

ಟ್ಯೂಶನ್ನಿಗೆ ಹಣ ಕಟ್ಟುವುದು ಆಮೇಲಿನ ಮಾತು.