ಅರೀನಾ ತುಂಬಿದ ಮಾತ್ರಕ್ಕೆ ಲಾಭವೇ? ರಾಕ್ ಬ್ಯಾಂಡ್‌ಗಳ ಪ್ರವಾಸದ ಲೆಕ್ಕಾಚಾರ



2025ರ ಜನವರಿಯಲ್ಲಿ ಇಂಗ್ಲೆಂಡಿನ ಕೋಲ್ಡ್‌ಪ್ಲೇ ಬ್ಯಾಂಡ್ ನವಿ ಮುಂಬಯಿಯಲ್ಲಿ ಮೂರು ದಿನ, ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಎರಡು ದಿನ ಕಾರ್ಯಕ್ರಮ ಕೊಟ್ಟಿತು. ಅಹಮದಾಬಾದಿನಲ್ಲಿ ದಿನವೊಂದಕ್ಕೆ ಲಕ್ಷ ಮೀರಿ ಜನ ಸೇರಿದ್ದರು. ಇಷ್ಟು ಜನ, ಇಷ್ಟು ದುಬಾರಿ ಟಿಕೆಟ್, ಒಂದೇ ರಾತ್ರಿಯಲ್ಲಿ ಎಷ್ಟು ಕೋಟಿ ಗಳಿಸಿರಬಹುದು ಎಂಬುದು ನಮ್ಮ ತರುಣ ಸದಸ್ಯರ ನಡುವೆ ಬಹಳ ದಿನ ಚರ್ಚೆಯಾದ ಮಾತು. ವರ್ಷಕ್ಕೆ ಮೂರು ನಾಲ್ಕು ಕಾರ್ಯಕ್ರಮ ನಡೆಸಿ, ಶಾಮಿಯಾನ, ಮೈಕ್, ಊಟದ ಬಿಲ್ಲುಗಳನ್ನು ಹೊಂದಿಸಿಯೇ ಸುಸ್ತಾಗುವ ನಮಗೆ ಮಾತ್ರ ಬೇರೆ ಪ್ರಶ್ನೆ ಕಾಡುತ್ತದೆ: ಖರ್ಚು ಎಷ್ಟಾಯಿತು, ಅದನ್ನು ಮೊದಲು ಕೈಯಿಂದ ಹಾಕಿದವರು ಯಾರು, ಕೊನೆಗೆ ಉಳಿದದ್ದು ಎಷ್ಟು?

ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ, ಸಭಾಂಗಣ ಭರ್ತಿಯಾಗುವುದಕ್ಕೂ ಲಾಭವಾಗುವುದಕ್ಕೂ ನಡುವೆ ದೊಡ್ಡ ಅಂತರವಿದೆ ಎಂಬುದು ತಿಳಿಯುತ್ತದೆ. ಅದನ್ನು ಇಲ್ಲಿ ಸರಳವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಅರೀನಾ ಎಂದರೇನು?

ಅರೀನಾ ಎಂದರೆ ಹತ್ತರಿಂದ ಇಪ್ಪತ್ತು ಸಾವಿರ ಜನ ಕೂರಬಹುದಾದ, ಮೇಲೆ ಚಾವಣಿ ಇರುವ ದೊಡ್ಡ ಒಳಾಂಗಣ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಲಂಡನ್ನಿನ ಓ2 ಇಂಥವು. ಕ್ರೀಡಾಂಗಣ ಇದಕ್ಕಿಂತ ದೊಡ್ಡದು, ತೆರೆದ ಬಯಲು. ಅರೀನಾದಲ್ಲಿ ವಿದ್ಯುತ್, ಶೌಚಾಲಯ, ಲಾರಿ ಒಳಗೆ ಬರುವ ದಾರಿ, ದೀಪ ಮತ್ತು ಸ್ಪೀಕರ್ ತೂಗುಹಾಕುವ ಗಟ್ಟಿ ಚಾವಣಿ ಎಲ್ಲವೂ ಸಿದ್ಧವಿರುತ್ತವೆ. ಬೆಳಿಗ್ಗೆ ಲಾರಿ ಬಂದರೆ ಸಂಜೆಗೆ ವೇದಿಕೆ ಎದ್ದಿರುತ್ತದೆ, ಮಧ್ಯರಾತ್ರಿ ಬಿಚ್ಚಿ ಮುಂದಿನ ಊರಿಗೆ ಹೊರಡಬಹುದು. ದೊಡ್ಡ ಬ್ಯಾಂಡುಗಳ ಪ್ರವಾಸ ನಿಂತಿರುವುದೇ ಈ ವೇಗದ ಮೇಲೆ.

ಬೀಟಲ್ಸ್ ಕಂಡ ಎರಡು ಮುಖಗಳು

1965ರ ಆಗಸ್ಟ್ 15ರಂದು ಬೀಟಲ್ಸ್ ತಂಡ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಸುಮಾರು 55,600 ಜನರ ಮುಂದೆ ಹಾಡಿತು. ಟಿಕೆಟ್ ಹಣ 3 ಲಕ್ಷ 4 ಸಾವಿರ ಡಾಲರ್. ಆ ಕಾಲಕ್ಕೆ ಅದು ದಾಖಲೆ. ರಾಕ್ ಸಂಗೀತಕ್ಕೆ ಕ್ರೀಡಾಂಗಣ ತುಂಬುವ ಶಕ್ತಿಯಿದೆ ಎಂದು ಲೋಕಕ್ಕೆ ಗೊತ್ತಾದದ್ದು ಅಂದು.

ಮರುವರ್ಷ, 1966ರ ಆಗಸ್ಟ್ 29ರಂದು, ಅದೇ ತಂಡ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಹಾಡಿತು. ಅಲ್ಲಿ 42,500 ಆಸನಗಳಿದ್ದವು, ಮಾರಾಟವಾದ ಟಿಕೆಟ್ ಸುಮಾರು 25,000. ಬಂದ ಹಣದಲ್ಲಿ ಸುಮಾರು 65 ಶೇಕಡಾ ಬೀಟಲ್ಸ್‌ಗೆ, 15 ಶೇಕಡಾ ನಗರಾಡಳಿತಕ್ಕೆ ಹೋಗಬೇಕಿತ್ತು. ಉಳಿದ ಐದನೇ ಒಂದು ಪಾಲಿನಲ್ಲಿ ಸಂಘಟಕರು ಎಲ್ಲ ಖರ್ಚು ತೂಗಿಸಬೇಕಿತ್ತು. ಅವರಿಗೆ ನಷ್ಟವಾಯಿತು. ಪ್ರಪಂಚದ ಅತ್ಯಂತ ಜನಪ್ರಿಯ ತಂಡ, ಇಪ್ಪತ್ತೈದು ಸಾವಿರ ಜನ, ಆದರೂ ನಷ್ಟ! ಟಿಕೆಟ್ ಕೊಂಡು ಬರುವ ಸಾರ್ವಜನಿಕರಿಗಾಗಿ ಬೀಟಲ್ಸ್ ಕೊಟ್ಟ ಕೊನೆಯ ಕಾರ್ಯಕ್ರಮವೂ ಅದೇ.

ಒಂದು ವಾರದ ಲೆಕ್ಕ

ಒಳಗಿನ ಲೆಕ್ಕ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಮಾಡಿಕೊಳ್ಳೋಣ. ಇಲ್ಲಿನ ಅಂಕಿಗಳು ಅರ್ಥವಾಗಲೆಂದು ನಾವೇ ಇಟ್ಟುಕೊಂಡವು, ಯಾವ ತಂಡದ್ದೂ ಅಲ್ಲ. ಆದರೆ ಪಾಲು ಹಂಚುವ ಕ್ರಮ ಆ ವ್ಯವಹಾರದಲ್ಲಿ ರೂಢಿಯಲ್ಲಿರುವಂಥದ್ದೇ.

ಅರೀನಾದಲ್ಲಿ 10,000 ಆಸನ, ಸರಾಸರಿ ಟಿಕೆಟ್ 4,000 ರೂಪಾಯಿ. ಭರ್ತಿಯಾದರೆ 4 ಕೋಟಿ. ತೆರಿಗೆ, ಅರೀನಾದ ಬಾಡಿಗೆ, ಕಾವಲು, ಸ್ಥಳೀಯ ಕೂಲಿ, ಪ್ರಚಾರಕ್ಕೆ 2 ಕೋಟಿ ಹೋಯಿತು. ಉಳಿದ 2 ಕೋಟಿಯಲ್ಲಿ ಸಂಘಟಕರಿಗೆ 15 ಶೇಕಡಾ, ಅಂದರೆ 30 ಲಕ್ಷ. ಬ್ಯಾಂಡಿಗೆ 1 ಕೋಟಿ 70 ಲಕ್ಷ. ವಾರಕ್ಕೆ ನಾಲ್ಕು ಕಾರ್ಯಕ್ರಮವಾದರೆ 6 ಕೋಟಿ 80 ಲಕ್ಷ.

ಇದರಲ್ಲಿ ಬ್ಯಾಂಡಿನ ಮ್ಯಾನೇಜರ್ ಮತ್ತು ಏಜೆಂಟರ ಪಾಲು ಕಾಲು ಭಾಗ ಎಂದಿಟ್ಟುಕೊಂಡರೆ ಉಳಿಯುವುದು 5 ಕೋಟಿ 10 ಲಕ್ಷ. ಇನ್ನು ಲಾರಿ, ಬಸ್ಸು, ದೀಪ, ಸ್ಪೀಕರ್, ಹತ್ತಾರು ಕೆಲಸಗಾರರ ಸಂಬಳ, ಹೋಟೆಲ್, ವಿಮೆ. ಇದು ಹಾಡಿದ ದಿನವೂ ತಪ್ಪುವುದಿಲ್ಲ, ಹಾಡದ ದಿನವೂ ತಪ್ಪುವುದಿಲ್ಲ. ದಿನಕ್ಕೆ 60 ಲಕ್ಷದಂತೆ ವಾರಕ್ಕೆ 4 ಕೋಟಿ 20 ಲಕ್ಷ. ಕೊನೆಗೆ ಉಳಿದದ್ದು 90 ಲಕ್ಷ.

ಈಗ ಅದೇ ವಾರದಲ್ಲಿ ಗಾಯಕನ ಗಂಟಲು ಕೆಟ್ಟು ಒಂದು ಕಾರ್ಯಕ್ರಮ ನಿಂತಿತು ಎನ್ನಿ. ಮೂರು ಅರೀನಾ ಪೂರ್ತಿ ತುಂಬಿದರೂ ವಾರದ ಕೊನೆಗೆ ಸುಮಾರು 37 ಲಕ್ಷ ನಷ್ಟ. ಅಥವಾ ನಾಲ್ಕೂ ನಡೆದು, ಪ್ರತಿ ಸಲ ಕಾಲು ಭಾಗ ಆಸನ ಖಾಲಿ ಉಳಿದವು ಎನ್ನಿ. ಗಳಿಕೆ 3 ಕೋಟಿಗೆ ಇಳಿಯುತ್ತದೆ. ಖರ್ಚು ಇಳಿಯುವುದು ತೆರಿಗೆಯ ಮಟ್ಟಿಗೆ ಮಾತ್ರ, 2 ಕೋಟಿಯಿಂದ 1 ಕೋಟಿ 80 ಲಕ್ಷಕ್ಕೆ. ವಾರದ ಕೊನೆಗೆ ಒಂದು ಕೋಟಿಗೂ ಮೀರಿ ನಷ್ಟ. ಮೊದಲ ಸುಮಾರು ಒಂಬತ್ತು ಸಾವಿರ ಟಿಕೆಟ್ ಖರ್ಚಿಗೇ ಸರಿಹೋಗುತ್ತವೆ. ಲಾಭ ಇರುವುದು ಕೊನೆಯ ಸಾಲುಗಳಲ್ಲಿ.

ಗಾಲಿಯ ಮೇಲಿನ ಭಾರ

ಆದ್ದರಿಂದ ಬ್ಯಾಂಡ್ ಹೊತ್ತು ತಿರುಗುವ ಸಾಮಾನು ಎಷ್ಟು ಎಂಬುದು ಬಹಳ ಮುಖ್ಯ. 1974ರಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ ‘ವಾಲ್ ಆಫ್ ಸೌಂಡ್’ ಎಂಬ ಬೃಹತ್ ಧ್ವನಿ ವ್ಯವಸ್ಥೆ ಕಟ್ಟಿಸಿತು. ತೂಕ ಸುಮಾರು 75 ಟನ್. ಒಂದು ವೇದಿಕೆಯಲ್ಲಿ ಹಾಡು ನಡೆಯುತ್ತಿರುವಾಗಲೇ ಇನ್ನೊಂದನ್ನು ಮುಂದಿನ ಊರಿಗೆ ಕಳುಹಿಸಬೇಕಾಗುತ್ತಿತ್ತು. ಶಬ್ದ ಅದ್ಭುತವಾಗಿತ್ತು, ಆದರೆ ಖರ್ಚು ಮತ್ತು ಸುಸ್ತು ತಡೆಯಲಾಗಲಿಲ್ಲ. ಆ ವರ್ಷದ ಅಕ್ಟೋಬರಿನ ನಂತರ ತಂಡ ಪ್ರವಾಸಕ್ಕೇ ವಿರಾಮ ಹೇಳಿತು.

1980-81ರಲ್ಲಿ ಪಿಂಕ್ ಫ್ಲಾಯ್ಡ್ ‘ದಿ ವಾಲ್’ ಪ್ರದರ್ಶನ ಮಾಡಿತು. ಕಾರ್ಯಕ್ರಮ ನಡೆಯುತ್ತಿರುವಂತೆ ಬ್ಯಾಂಡಿಗೂ ಜನರಿಗೂ ನಡುವೆ ಸುಮಾರು 40 ಅಡಿ ಎತ್ತರದ ಗೋಡೆ ಇಟ್ಟಿಗೆ ಇಟ್ಟಿಗೆಯಾಗಿ ಏಳುತ್ತಿತ್ತು, ಕೊನೆಗೆ ಉರುಳುತ್ತಿತ್ತು. ಇದನ್ನು ದಿನಕ್ಕೊಂದು ಊರಿಗೆ ಒಯ್ಯುವುದು ಅಸಾಧ್ಯ. ಲಾಸ್ ಏಂಜಲಿಸ್, ನ್ಯೂಯಾರ್ಕ್ ಪಕ್ಕದ ನಾಸೌ, ಲಂಡನ್, ಜರ್ಮನಿಯ ಡಾರ್ಟ್‌ಮಂಡ್, ಈ ನಾಲ್ಕೇ ಕಡೆ ಒಟ್ಟು 31 ಪ್ರದರ್ಶನ ನಡೆದವು. ಜನ ಮುಗಿಬಿದ್ದರು, ತಂಡಕ್ಕೆ ಮಾತ್ರ ನಷ್ಟವಾಯಿತು. ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಆ ವೇಳೆಗೆ ತಂಡದ ಪಾಲುದಾರರಾಗಿರಲಿಲ್ಲ, ಸಂಬಳಕ್ಕೆ ನುಡಿಸುತ್ತಿದ್ದರು. ಹಾಗಾಗಿ ನಾಲ್ವರಲ್ಲಿ ಹಣ ಕಂಡವರು ಅವರೊಬ್ಬರೇ.

ಇದಕ್ಕೆ ಎದುರಾಗಿ ಯು2 ತಂಡದ 2009ರಿಂದ 2011ರವರೆಗಿನ ‘360 ಡಿಗ್ರಿ’ ಪ್ರವಾಸವನ್ನು ನೋಡಬಹುದು. ನಾಲ್ಕು ಕಾಲಿನ ದೈತ್ಯ ಉಕ್ಕಿನ ರಚನೆಗಳು ಮೂರು. ಒಂದರ ಕೆಳಗೆ ಹಾಡು, ಉಳಿದವನ್ನು ಬೇರೆ ಊರುಗಳಲ್ಲಿ ಕಟ್ಟುವ, ಬಿಚ್ಚುವ ಕೆಲಸ. ಹಾಡಲಿ ಬಿಡಲಿ, ದಿನದ ಖರ್ಚು ಸುಮಾರು ಏಳೂವರೆ ಲಕ್ಷ ಡಾಲರ್ ಎಂದು ಅವರ ಮ್ಯಾನೇಜರ್ ಪಾಲ್ ಮೆಕ್‌ಗಿನ್ನೆಸ್ ಹೇಳಿದ್ದರು. 2010ರಲ್ಲಿ ಗಾಯಕ ಬೋನೊ ಅವರ ಬೆನ್ನಿಗೆ ಪೆಟ್ಟಾಗಿ ಅಮೆರಿಕದ ಕಾರ್ಯಕ್ರಮಗಳನ್ನೆಲ್ಲ ಮುಂದಿನ ವರ್ಷಕ್ಕೆ ಹಾಕಬೇಕಾಯಿತು. ಆದರೂ 110 ಪ್ರದರ್ಶನಗಳಿಂದ 73 ಕೋಟಿ 60 ಲಕ್ಷ ಡಾಲರ್ ಟಿಕೆಟ್ ಹಣ ಬಂತು, ಏಕೆಂದರೆ ಆ ವೇದಿಕೆ ಕ್ರೀಡಾಂಗಣದ ನಡುವೆ ನಿಂತು ನಾಲ್ಕೂ ಸುತ್ತಿನ ಆಸನಗಳನ್ನು ಮಾರಲು ಬಿಡುತ್ತಿತ್ತು. ಖರ್ಚು ಹೆಚ್ಚಾಗಿತ್ತು ನಿಜ, ಜೊತೆಗೆ ಮಾರುವ ಆಸನಗಳೂ ಹೆಚ್ಚಿದವು.

ಆ ದಾಖಲೆಯನ್ನು 2019ರಲ್ಲಿ ಮುರಿದವರು ಬ್ಯಾಂಡೇ ಇಲ್ಲದ ಎಡ್ ಶೀರನ್. ಒಂದು ಗಿಟಾರ್, ಧ್ವನಿಯನ್ನು ಹಿಡಿದು ಮತ್ತೆ ಮತ್ತೆ ನುಡಿಸುವ ಒಂದು ಕಾಲುಯಂತ್ರ ಇಟ್ಟುಕೊಂಡು ಆತ ಒಬ್ಬರೇ ವೇದಿಕೆಯ ಮೇಲೆ ನಿಂತರು. 250ಕ್ಕೂ ಹೆಚ್ಚು ಪ್ರದರ್ಶನ ಮಾಡಿದರು.

ನಷ್ಟ ಯಾರ ತಲೆಗೆ?

ಕಾಸರಗೋಡಿನ ಓದುಗರಿಗೆ ಯಕ್ಷಗಾನದ ‘ಕಂಟ್ರಾಕ್ಟ್ ಆಟ’ ಗೊತ್ತು. ಟೆಂಟಿನ ಮೇಳದವರು ಒಂದು ರಾತ್ರಿಯ ಆಟವನ್ನು ಊರಿನವರೊಬ್ಬರಿಗೆ ಇಡಿಯಾಗಿ ಇಂತಿಷ್ಟು ಎಂದು ಕೊಡುತ್ತಾರೆ. ಮಳೆ ಬಂದರೂ ಜನ ಬಾರದಿದ್ದರೂ ಮೇಳಕ್ಕೆ ಮಾತಾಡಿದ ಹಣ ಸಲ್ಲಬೇಕು. ಜನ ತುಂಬಿದರೆ ಲಾಭ ವಹಿಸಿಕೊಂಡವರದು. ರಾಕ್ ಪ್ರವಾಸದಲ್ಲಿಯೂ ಹೀಗೆಯೇ ಬ್ಯಾಂಡಿಗೆ ಒಂದು ಖಾತರಿ ಮೊತ್ತ ಇರುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಖಾತರಿ ಹಣ ಅಥವಾ ಖರ್ಚು ಕಳೆದ ಗಳಿಕೆಯ 85 ಶೇಕಡಾದಷ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದು ಬ್ಯಾಂಡಿಗೆ. ಲಾಭವಾದರೆ ದೊಡ್ಡ ಪಾಲು ಬ್ಯಾಂಡಿಗೆ, ನಷ್ಟವಾದರೆ ಸಂಘಟಕರ ಕೈಯಿಂದ. 1970ರ ದಶಕದಲ್ಲಿ ಲೆಡ್ ಜೆಪೆಲಿನ್ ತಂಡದ ಮ್ಯಾನೇಜರ್ ಪೀಟರ್ ಗ್ರಾಂಟ್ ಪಾಲನ್ನು 90 ಶೇಕಡಾಕ್ಕೆ ಏರಿಸಿದ್ದು ಪ್ರಸಿದ್ಧ.

ಹೀಗಾದಾಗ ಊರೂರಿನ ಸಣ್ಣ ಸಂಘಟಕರು ಉಳಿಯುವುದು ಕಷ್ಟ. 1989ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಇಡೀ ಪ್ರವಾಸವನ್ನು ಕೆನಡಾದ ಮೈಕೆಲ್ ಕೋಲ್ ಒಟ್ಟಾಗಿ ವಹಿಸಿಕೊಂಡರು. ಟಿಕೆಟ್ ಜೊತೆಗೆ ಟೀ ಶರ್ಟ್, ಪ್ರಾಯೋಜಕರು, ಟಿವಿ ಹಕ್ಕು ಎಲ್ಲ ಒಂದೇ ಕೈಗೆ ಬಂತು. ಒಂದು ಊರಿನ ನಷ್ಟವನ್ನು ಇನ್ನೊಂದು ಊರಿನ ಲಾಭದಲ್ಲಿ ಮುಚ್ಚಬಹುದಾಯಿತು. ಮುಂದೆ ಇದೇ ದಾರಿ ದೊಡ್ಡದಾಗಿ, 2010ರಲ್ಲಿ ಕಾರ್ಯಕ್ರಮ ನಡೆಸುವ ಲೈವ್ ನೇಷನ್ ಮತ್ತು ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ ಒಂದಾದವು. ಇದರಿಂದ ಸ್ಪರ್ಧೆಯೇ ಇಲ್ಲದಂತಾಗಿದೆ ಎಂದು ಅಮೆರಿಕದ ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಮೊಕದ್ದಮೆ ಹೂಡಿತು.

ನಮ್ಮ ದೇಶಕ್ಕೆ ಬರುವಾಗ

ಭಾರತದಲ್ಲಿ ಇಂಥ ಅರೀನಾಗಳು ತೀರಾ ಕಡಿಮೆ. ಬೆಂಗಳೂರಿಗೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಎಲ್ಲರೂ ಹಾಡಿದ್ದು ಅರಮನೆ ಮೈದಾನದ ಬಯಲಿನಲ್ಲಿ. ಬಯಲೆಂದರೆ ವೇದಿಕೆ, ಜನರೇಟರ್, ಬೇಲಿ, ಶೌಚಾಲಯ ಎಲ್ಲವನ್ನೂ ಹೊಸದಾಗಿ ತರಬೇಕು. ಯುರೋಪಿನಲ್ಲಿ ಲಾರಿಯಲ್ಲಿ ರಾತ್ರಿಯಿಡೀ ಸಾಗಿದರೆ ಮತ್ತೊಂದು ಅರೀನಾ ಸಿಗುತ್ತದೆ. ಇಲ್ಲಿಗೆ ಬರಲು ವಿಮಾನದಲ್ಲಿ ಸಾಮಾನು ತರಿಸಿ, ಒಂದೆರಡು ಕಾರ್ಯಕ್ರಮಕ್ಕೆ ಆ ಖರ್ಚನ್ನೆಲ್ಲ ಹಂಚಬೇಕು. ಮೆಟಾಲಿಕಾ ತಂಡದ್ದೇ ನೋಡಿ: 2011ರ ಅಕ್ಟೋಬರ್ 28ರ ಗುರುಗ್ರಾಮದ ಕಾರ್ಯಕ್ರಮ ಮೊದಲು ಮುಂದೂಡಲ್ಪಟ್ಟು, ನಂತರ ರದ್ದಾಯಿತು. ಭಾರತದಲ್ಲಿ ನಡೆದದ್ದು ಎರಡು ದಿನದ ನಂತರದ ಬೆಂಗಳೂರಿನದೊಂದೇ.

ಐರನ್ ಮೇಡನ್ ಇದಕ್ಕೆ ಜಾಣ ಉಪಾಯ ಹುಡುಕಿತು. ಗಾಯಕ ಬ್ರೂಸ್ ಡಿಕಿನ್ಸನ್ ಸ್ವತಃ ವಿಮಾನ ಚಾಲಕ. 2008ರಲ್ಲಿ ಬೋಯಿಂಗ್ 757 ವಿಮಾನವೊಂದರ ಹಿಂಬದಿಯ ಆಸನಗಳನ್ನು ತೆಗೆಸಿ, ತಂಡ, ಕೆಲಸಗಾರರು, ಸುಮಾರು 12 ಟನ್ ಸಾಮಾನು ಎಲ್ಲವನ್ನೂ ಒಟ್ಟಿಗೆ ಹೊತ್ತು, ಫೆಬ್ರವರಿ 1ರಂದು ಮುಂಬಯಿಯಿಂದಲೇ ಪ್ರವಾಸ ಆರಂಭಿಸಿದರು. ಸಾಮಾನಿಗಾಗಿ ಕಾಯುವ ದಿನಗಳು ಉಳಿದದ್ದರಿಂದ, ದೂರವೆಂದು ಬಿಟ್ಟಿದ್ದ ದೇಶಗಳಿಗೂ ಹೋಗುವುದು ಸಾಧ್ಯವಾಯಿತು.

ನಡುವಿನವರ ಪಾಡು

ಮೊದಲು ಧ್ವನಿಮುದ್ರಿಕೆ ಮಾರಲೆಂದು ಪ್ರವಾಸ ಮಾಡುತ್ತಿದ್ದರು, ನಷ್ಟವಾದರೆ ರೆಕಾರ್ಡ್ ಕಂಪನಿ ಸ್ವಲ್ಪ ತುಂಬಿಕೊಡುತ್ತಿತ್ತು. ಈಗ ಹಾಡು ಫೋನಿನಲ್ಲಿ ಹೆಚ್ಚುಕಡಿಮೆ ಪುಕ್ಕಟೆ ಸಿಗುವುದರಿಂದ ಪ್ರವಾಸವೇ ಮುಖ್ಯ ಆದಾಯ. ಹಳೆಯ ಹೆಸರಾಂತ ತಂಡಗಳಿಗೆ ತೊಂದರೆಯಿಲ್ಲ. ಕಷ್ಟ ನಡುವಿನವರಿಗೆ. ಗ್ರ್ಯಾಮಿ ಪ್ರಶಸ್ತಿ ಗೆದ್ದ ಬ್ಲ್ಯಾಕ್ ಕೀಸ್ ತಂಡ 2024ರಲ್ಲಿ ಉತ್ತರ ಅಮೆರಿಕದ ಅರೀನಾ ಪ್ರವಾಸ ಘೋಷಿಸಿ, ಮೇ ತಿಂಗಳಲ್ಲಿ ಅದನ್ನು ಪೂರ್ತಿ ಕೈಬಿಟ್ಟಿತು. ಐದು ಸಾವಿರ ಜನ ಬರುವ ತಂಡ ಐದು ಸಾವಿರದ ಸಭಾಂಗಣದಲ್ಲಿ ಗಳಿಸುತ್ತದೆ, ಹದಿನೈದು ಸಾವಿರದ ಅರೀನಾದಲ್ಲಿ ಕಳೆದುಕೊಳ್ಳುತ್ತದೆ.

ಇನ್ನೂ ಕೆಳಗೆ ಇಳಿದರೆ ಸಣ್ಣ ಜಾಗಗಳು. ಬೀಟಲ್ಸ್ ಶೇ ಕ್ರೀಡಾಂಗಣಕ್ಕೆ ಹೋಗುವ ಮೊದಲು ಲಿವರ್‌ಪೂಲಿನ ಕ್ಯಾವರ್ನ್ ಎಂಬ ನೆಲಮಾಳಿಗೆಯಲ್ಲಿ ಮುನ್ನೂರು ಸಲಕ್ಕೆ ಹತ್ತಿರ ಹಾಡಿ ಕಲಿತವರು. ಬ್ರಿಟನ್ನಿನಲ್ಲಿ ಇಂಥ 125 ಸಣ್ಣ ಸಂಗೀತ ತಾಣಗಳು 2023ರಲ್ಲಿ ಮುಚ್ಚಿದವು ಎಂದು ಅಲ್ಲಿನ ಮ್ಯೂಸಿಕ್ ವೆನ್ಯೂ ಟ್ರಸ್ಟ್ ತಿಳಿಸಿತು. ಅರೀನಾ ಮತ್ತು ಕ್ರೀಡಾಂಗಣದ ಪ್ರತಿ ಟಿಕೆಟಿನಿಂದ ಒಂದು ಪಾಲನ್ನು ಈ ತಾಣಗಳಿಗೆ ಕೊಡಿಸಬೇಕೆಂದು 2024ರ ಮೇ ತಿಂಗಳಲ್ಲಿ ಸಂಸತ್ತಿನ ಸಮಿತಿಯೂ ಶಿಫಾರಸು ಮಾಡಿತು. ಕೋಲ್ಡ್‌ಪ್ಲೇ ತಮ್ಮ 2025ರ ಬ್ರಿಟನ್ ಕಾರ್ಯಕ್ರಮಗಳ ಗಳಿಕೆಯಲ್ಲಿ ಹತ್ತನೇ ಒಂದು ಭಾಗವನ್ನು ಇದೇ ಟ್ರಸ್ಟಿಗೆ ಕೊಡುವುದಾಗಿ ಘೋಷಿಸಿತು.

ಆದ್ದರಿಂದ ರಾಕ್ ಬ್ಯಾಂಡ್ ಅರೀನಾ ತುಂಬಿಸಿ ಲಾಭ ಮಾಡಬಹುದೇ ಎಂದರೆ, ಮಾಡಬಹುದು. ಜಾಗ ತನ್ನ ಜನಕ್ಕೆ ತಕ್ಕದ್ದಾಗಿರಬೇಕು, ಸಾಮಾನು ಹಗುರವಾಗಿರಬೇಕು ಅಥವಾ ಹೆಚ್ಚು ಆಸನ ಮಾರಿಸುವಂತಿರಬೇಕು, ಹಾಡದ ದಿನಗಳು ಕಡಿಮೆಯಿರಬೇಕು, ನಷ್ಟ ಬಂದರೆ ಹೊರುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರಬೇಕು. ಸಭಾಭವನ ಗೊತ್ತುಮಾಡುವ ಮುನ್ನ ನಮ್ಮ ಸಂಘದ ಕಾರ್ಯಕಾರಿ ಸಮಿತಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ.